ಹಗೇವಿನ ರಾಗಿಯಿಂದ ಐದು ರೂಪಾಯಿ ಪ್ಯಾಕೆಟ್‌ವರೆಗೆ: ನಮ್ಮ ನಾಲ್ಕು ತಾಲ್ಲೂಕಿನ ಮಕ್ಕಳ ಊಟದ ಕತೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕಕ್ಕೆ ಈ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಯ ಲೆಕ್ಕಕ್ಕೆ ಮಾತ್ರ ಇವು ಬೇರೆ, ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ದಿನದ ಒಂದು ಊಟವನ್ನು ಶಾಲೆಯಲ್ಲೇ ಉಣ್ಣುತ್ತಾರೆ. ಉಳಿದದ್ದು ಮನೆಯಲ್ಲಿ, ಮತ್ತೆ ಸ್ವಲ್ಪ ಗೂಡಂಗಡಿಯಲ್ಲಿ.

ಈಗ ನಮ್ಮ ಹಳ್ಳಿಗಳಲ್ಲಿ ಒಂದೇ ಬೀದಿಯಲ್ಲಿ ಎರಡು ದೂರು ಕೇಳಿಬರುತ್ತವೆ. "ನಮ್ಮುಡುಗ ಊಟಾನೇ ಮಾಡಲ್ಲ, ಕಡ್ಡಿ ಆಗವ್ನೆ" ಅನ್ನುವುದು ಒಂದು. "ನಮ್ಮುಡುಗಿ ಹತ್ತು ವರ್ಷಕ್ಕೇ ಊದ್ಕೊಂಡವ್ಳೆ, ಓಡಾಡಿದ್ರೆ ಏದುಸಿರು" ಅನ್ನುವುದು ಇನ್ನೊಂದು. ಕೆಲವು ಮನೆಗಳಲ್ಲಂತೂ ಅಣ್ಣ ಒಂದು ದೂರು, ತಂಗಿ ಇನ್ನೊಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019-21) ಹೇಳುವುದೂ ಹೀಗೇ ಇದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. 65 ಮಕ್ಕಳಿಗೆ ರಕ್ತಹೀನತೆ. ತೂಕ ಹೆಚ್ಚಾದವರು ಮೂರು ಮಕ್ಕಳು ಮಾತ್ರ, ಆದರೆ ಹಿಂದಿನ ಸುತ್ತಿನ 2.6 ಈಗ 3.2 ಆಗಿದೆ. ದೊಡ್ಡವರನ್ನು ನೋಡಿ: ಹೆಂಗಸರಲ್ಲಿ ನೂರಕ್ಕೆ 30, ಗಂಡಸರಲ್ಲಿ ನೂರಕ್ಕೆ 31 ಜನರ ತೂಕ ಹೆಚ್ಚು. ಅಂದರೆ ಇವತ್ತು ಬಡಕಲಾಗಿರುವ ಮಗು ನಾಳೆ ಸೊಂಟದ ಸುತ್ತ ಕೊಬ್ಬು ಹೊತ್ತು, ನಲವತ್ತಕ್ಕೆ ಸಕ್ಕರೆ ಕಾಯಿಲೆ ಮಾತ್ರೆ ನುಂಗುವ ಸಾಧ್ಯತೆ ದೊಡ್ಡದೇ ಇದೆ.

ಇದಕ್ಕೆ ಊರಲ್ಲಿ ಸಿಗುವ ಸುಲಭದ ಉತ್ತರ, "ಈಗಿನ ತಾಯಂದಿರಿಗೆ ಅಡುಗೆ ಮಾಡೋಕೆ ಸೋಮಾರಿತನ" ಎಂಬುದು. ನಾವು ಇದನ್ನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳಲು ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮದು ಮಳೆ ನೆಚ್ಚಿದ ಸೀಮೆ. ಕೊರಟಗೆರೆ, ಮಧುಗಿರಿ ಕಡೆ ಜಯಮಂಗಲಿ ದಂಡೆಯಲ್ಲಿ, ಕೆರೆ ಹಿಂದಿನ ಗದ್ದೆಗಳಲ್ಲಿ ಒಂದಿಷ್ಟು ಭತ್ತ, ತೆಂಗು ಇದ್ದವು. ಉಳಿದದ್ದೆಲ್ಲ ಹೊಲ. ಹೊಲದಲ್ಲಿ ರಾಗಿ, ಸಾವೆ, ನವಣೆ, ಹಾರಕ, ಸಜ್ಜೆ, ಹುರುಳಿ. ಪಾವಗಡದ ಸುತ್ತ ಆಂಧ್ರ, ಮನೆಮಾತು ಎಷ್ಟೋ ಕಡೆ ತೆಲುಗು. ನಾವು ಹಿಟ್ಟು ಅನ್ನುವುದನ್ನು ಅವರು ಸಂಗಟಿ ಅನ್ನುತ್ತಾರೆ. ಹೆಸರು ಬೇರೆ, ಮುದ್ದೆ ಒಂದೇ.

ರಾಗಿ ನಮ್ಮಲ್ಲಿ ಹುಟ್ಟಿದ ಪೈರಲ್ಲ. ಅದರ ತವರು ಆಫ್ರಿಕದ ಪೂರ್ವ ಭಾಗ, ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂತು. ಹದಿನಾರನೇ ಶತಮಾನದ ಹೊತ್ತಿಗೆ ಕನಕದಾಸರು ರಾಗಿಗೂ ಅಕ್ಕಿಗೂ ಜಗಳ ಹಚ್ಚಿ 'ರಾಮಧಾನ್ಯಚರಿತೆ' ಬರೆದರು. ಆ ಕತೆಯಲ್ಲಿ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ, ಅಕ್ಕಿ ಕೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಅಕ್ಕಿ ದೊಡ್ಡವರದು, ರಾಗಿ ಬಡವರದು ಎಂಬ ಮಾತು ಆಗಲೇ ಇತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ರಾಗಿ ಉಳಿಯುತ್ತದೆ ಎಂಬುದು ಬರೀ ಕವಿಯ ಮಾತೂ ಅಲ್ಲ. ನೆಲದಲ್ಲಿ ತೋಡಿದ ಹಗೇವಿನಲ್ಲಿ ರಾಗಿ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತಿತ್ತು. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ತೆಗೆಯುವುದು. ಅದೇ ನಮ್ಮ ಹಿರೀಕರ ಬ್ಯಾಂಕು.

ಆ ಬ್ಯಾಂಕೂ ಒಮ್ಮೆ ದಿವಾಳಿಯಾಯಿತು. 1875ರಿಂದ ಮಳೆ ಸಾಲು ಸಾಲಾಗಿ ಕೈಕೊಟ್ಟು, 1876-78ರಲ್ಲಿ ಧಾತು, ಈಶ್ವರ ಸಂವತ್ಸರಗಳ ಮಹಾ ಬರ ಬಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷದ ಮೇಲಿತ್ತು. 1881ರಲ್ಲಿ ಎಣಿಸಿದಾಗ ನಲವತ್ತೆರಡು ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾದರು. ಒಣ ಸೀಮೆಯ ತಾಲ್ಲೂಕುಗಳ ಗತಿ ಏನಾಗಿರಬೇಕು, ಊಹಿಸಿ.

ಬರದ ನೆನಪು ಮನುಷ್ಯನ ಮಾತಿನಲ್ಲಿ ಉಳಿಯುತ್ತದೆ. ಗುಂಡುಗುಂಡಗಿನ ಮಗುವನ್ನು ಕಂಡರೆ "ಪುಷ್ಟಿಯಾಗೈತೆ" ಎಂದು ಅಜ್ಜಿಯರು ದೃಷ್ಟಿ ತೆಗೆಯುವುದು ಸುಮ್ಮನೆ ಬಂದ ರೂಢಿಯಲ್ಲ. ಹಸಿವು ಕಂಡ ಸೀಮೆಯಲ್ಲಿ ಮೈಮೇಲಿನ ಕೊಬ್ಬು ಅಂದರೆ ಮನೆಯ ಕ್ಷೇಮದ ಗುರುತು. "ಇನ್ನೊಂದು ತುತ್ತು ಹಾಕ್ಸು" ಎನ್ನುವ ಅಜ್ಜಿಗೆ ಆರೋಗ್ಯದ ಪಾಠ ಹೇಳುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು.

ಹಸಿವಿನ ನೆನಪು ಮಾತಲ್ಲಷ್ಟೇ ಅಲ್ಲ, ಮೈಯಲ್ಲೂ ಉಳಿಯುತ್ತದೆ ಎಂದು ತೋರಿಸಿದ್ದು ನಮ್ಮದೇ ರಾಜ್ಯದ ಒಂದು ಆಸ್ಪತ್ರೆಯ ಹಳೇ ದಾಖಲೆ ಪುಸ್ತಕಗಳು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ತಪಾಸಣೆ ಮಾಡಿದ ಸಂಶೋಧಕರು 1996ರಲ್ಲಿ ಫಲಿತಾಂಶ ಪ್ರಕಟಿಸಿದರು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಪುಣೆಯ ಡಾ. ಯಾಜ್ಞಿಕ್ ಅವರ ತಂಡ ಇನ್ನೊಂದು ವಿಷಯ ಕಂಡುಕೊಂಡಿತು. ಅಲ್ಲಿನ ಹಳ್ಳಿಯ ಮಗು ಇಂಗ್ಲೆಂಡಿನ ಮಗುವಿಗಿಂತ ತೂಕದಲ್ಲಿ ಬಹಳ ಕಡಿಮೆ, ಆದರೆ ಮಾಂಸಖಂಡ ಕಡಿಮೆಯಾದಷ್ಟು ಕೊಬ್ಬು ಕಡಿಮೆಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಇಂಥ ಮೈಗೆ ಮುಂದೆ ಬರೀ ಅಕ್ಕಿ, ಸಕ್ಕರೆ, ಎಣ್ಣೆ ಸುರಿದರೆ ಕಾಯಿಲೆ ಬೇಗ ಬರುತ್ತದೆ. ಆದ್ದರಿಂದ ಬಡಕಲು ಮಗು, ದಪ್ಪ ಮಗು ಎಂಬ ಎರಡು ದೂರುಗಳ ಬೇರು ಒಂದೇ.

ಹಳೇ ಊಟವನ್ನು ನಾವು ಬಂಗಾರ ಮಾಡಿ ತೋರಿಸುವುದಿಲ್ಲ. ಬೇಸಗೆ ಬಂತೆಂದರೆ ಎಷ್ಟೋ ಮನೆಗಳಲ್ಲಿ ಅಂಬಲಿಯೇ ಊಟ. ಅನ್ನ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ. ಜೀತಕ್ಕಿದ್ದವರ ಮಕ್ಕಳಿಗೆ ಧಣಿ ಮನೆಯ ಉಳಿದ ಹಿಟ್ಟು. ಆದರೆ ಆ ಊಟದಲ್ಲಿ ಒಂದು ಲೆಕ್ಕಾಚಾರ ಇತ್ತು, ಅದರ ಹೆಸರು ಅಕ್ಕಡಿ ಸಾಲು. ರಾಗಿ ಹೊಲದ ನಡುವೆ ಅಷ್ಟಷ್ಟು ದೂರಕ್ಕೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಬಿತ್ತುತ್ತಿದ್ದರು. ಅದೇ ಹೊಲದ ಕಳೆಯಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಸಿಗುತ್ತಿದ್ದವು. ಹಿಟ್ಟು, ಬೇಳೆಕಾಳು, ಸೊಪ್ಪು, ಎಣ್ಣೆ, ನಾಲ್ಕೂ ಒಂದೇ ಹೊಲದಿಂದ ಮನೆಗೆ. ಮಸ್ಸೊಪ್ಪು, ಬಸ್ಸಾರು, ಉಪ್ಪೆಸ್ರು ಹುಟ್ಟಿದ್ದು ಹೀಗೆ. ಮುದ್ದೆ ಒಂದೇ ಯಾರನ್ನೂ ಕಾಪಾಡಲಿಲ್ಲ, ಮುದ್ದೆ ಜೊತೆ ಬಂದ ಸಾರು ಕಾಪಾಡಿತು. ಸಿರಿಧಾನ್ಯದ ಭಾಷಣ ಮಾಡುವವರು ಈ ಸಾರಿನ ವಿಷಯ ಮರೆಯುತ್ತಾರೆ.

ಈ ಹೊಲ ಬದಲಾಗಿದ್ದು ಕಡ್ಲೆಕಾಯಿಯಿಂದ. ಪಾವಗಡ, ಶಿರಾ, ಮಧುಗಿರಿಯ ಕೆಂಪು ಮಣ್ಣಿಗೆ ಅದು ಒಗ್ಗಿತು, ಕೈಗೆ ಕಾಸು ತಂದಿತು. ಪಕ್ಕದ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳು ಸಾಲಾಗಿ ಎದ್ದವು. ಸಾವೆ, ನವಣೆ, ಹಾರಕ ಹೊಲದ ಅಂಚಿಗೆ ಹೋಗಿ, ಆಮೇಲೆ ಅಲ್ಲಿಂದಲೂ ಹೋದವು. ಅವನ್ನು ಕುಟ್ಟಿ ಹೊಟ್ಟು ತೆಗೆಯುವ ಕಷ್ಟ ಗೊತ್ತಿದ್ದ ಹೆಂಗಸರು ಅದಕ್ಕೆ ಅಳಲೂ ಇಲ್ಲ, ಅವರನ್ನು ದೂರುವಂತೆಯೂ ಇಲ್ಲ. ರಾಗಿ ಮಾತ್ರ ಉಳಿಯಿತು. ಅದಕ್ಕೆ ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಿಯಾದ ರಾಗಿಗೂ ಆಫ್ರಿಕದ ರಾಗಿಗೂ ಕೂಡಿಕೆ ಮಾಡಿ 'ಇಂಡಾಫ್' ತಳಿಗಳನ್ನು ತೆಗೆದ ಲಕ್ಷ್ಮಣಯ್ಯನವರ ಕೆಲಸವೂ ಒಂದು ಕಾರಣ. ಇಳುವರಿ ಏರಿದ ಮೇಲೆ ಕಡಿಮೆ ಹೊಲದಲ್ಲೇ ಮನೆಗೆ ಸಾಕಾಗುವಷ್ಟು ರಾಗಿ ಬಂತು.

ಇನ್ನು ಶಾಲೆ. ಅರವತ್ತು ದಾಟಿದವರನ್ನು ಕೇಳಿ, ಇಸ್ಕೂಲಿನ ಉಪ್ಪಿಟ್ಟು ಅಂದರೆ ಮುಖ ಅರಳುತ್ತದೆ. 1960, 70ರ ದಶಕಗಳಲ್ಲಿ ಕೇರ್ ಎಂಬ ಸಂಸ್ಥೆಯ ಮೂಲಕ ಅಮೆರಿಕದಿಂದ ಗೋಧಿ, ಜೋಳದ ಹಿಟ್ಟು, ಎಣ್ಣೆ, ಹಾಲಿನ ಪುಡಿ ಬರುತ್ತಿದ್ದವು. ಅದರಲ್ಲೇ ಉಪ್ಪಿಟ್ಟು ಕೆದಕಿ ಮಕ್ಕಳಿಗೆ ಹಂಚುತ್ತಿದ್ದರು. ಎಲ್ಲ ಶಾಲೆಗೂ ಇರಲಿಲ್ಲ, ಎಲ್ಲ ದಿನವೂ ಇರಲಿಲ್ಲ. ಆದರೂ ನಮ್ಮ ಮಕ್ಕಳ ತಟ್ಟೆಗೆ ಹೊರಗಿನಿಂದ ಊಟ ಬಂದದ್ದು ಬಹುಶಃ ಅದೇ ಮೊದಲು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು, ಕರ್ನಾಟಕಕ್ಕೆ ಸಿಕ್ಕಿದ್ದು ತಿ. ನರಸೀಪುರ. ಅಂಗನವಾಡಿಯ ತಕ್ಕಡಿ, ತೂಕದ ಚೀಟಿ ಹುಟ್ಟಿದ್ದು ತೂಕ ಕಡಿಮೆ ಇರುವ ಮಗುವನ್ನು ಹಿಡಿಯಲು. ತೂಕ ಹೆಚ್ಚಿರುವ ಮಗು ಅಲ್ಲಿ ಬಹಳ ಕಾಲ ಸಂತೋಷದ ಸುದ್ದಿಯೇ ಆಗಿತ್ತು.

1995ರ ಆಗಸ್ಟ್ 15ರಿಂದ ಕೇಂದ್ರದ ಯೋಜನೆಯಲ್ಲಿ ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕೆಜಿ ಧಾನ್ಯ ಕೊಡತೊಡಗಿದರು. ಮಕ್ಕಳು ಚೀಲ ಹೊತ್ತು ಮನೆಗೆ ತಂದ ಅಕ್ಕಿ ಇಡೀ ಮನೆಯ ಪಾತ್ರೆಗೆ ಬಿತ್ತು, ಬೀಳಬೇಕಾದದ್ದೂ ಹಾಗೆಯೇ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಧಾನ್ಯ ಬೇಡ, ಬೇಯಿಸಿದ ಊಟವನ್ನೇ ಕೊಡಿ ಎಂದಿತು. ಕರ್ನಾಟಕ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುಮಾಡಿ, 2003ರಲ್ಲಿ ನಮ್ಮ ಕಡೆಗೂ ತಂದಿತು. ಬಿಸಿಯೂಟದ ಅಕ್ಕಂದಿರು ಬಂದರು. ಜಾತಿ ನೋಡಿ ಪಂಕ್ತಿ ಹಾಕುವ ಸೀಮೆಯಲ್ಲಿ ಎಲ್ಲ ಮಕ್ಕಳು ಒಂದೇ ಪಾತ್ರೆಯ ಸಾರು ಉಂಡರು. ಇದು ಸಣ್ಣ ಸಂಗತಿಯಲ್ಲ. ಆದರೆ ಮುದ್ದೆಯ ಸೀಮೆಯ ಮಗು ಮಧ್ಯಾಹ್ನ ಅನ್ನ ಸಾಂಬಾರಿಗೆ ಒಗ್ಗಿಕೊಂಡಿದ್ದೂ ಇಲ್ಲೇ.

ಮನೆಯಲ್ಲೂ ಅಕ್ಕಿ ಬಂತು. ಮೊದಲು ಹಸಿರು ಕಾರ್ಡಿನ ಅಕ್ಕಿ. 2013ರ ಜುಲೈನಲ್ಲಿ ಅನ್ನಭಾಗ್ಯ, ಮೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಬಡ ಕುಟುಂಬಕ್ಕೆ ಕೆಜಿಗೆ ಒಂದು ರೂಪಾಯಿಯಂತೆ 30 ಕೆಜಿ. 2015ರಲ್ಲಿ ಪೂರ್ತಿ ಉಚಿತ. ಇದನ್ನು ಹಗುರವಾಗಿ ಮಾತಾಡುವವರು ಬೇಸಗೆಯ ಅಂಬಲಿಯನ್ನು ಮರೆತವರು. ಅಕ್ಕಿ ಬಂದು ಹಸಿವು ಹೋಯಿತು. ಜೊತೆಗೆ ಇನ್ನೊಂದೂ ಆಯಿತು: ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದ ಅಂಶ, 11 ಗ್ರಾಂ ನಾರು. ಪಾಲಿಶ್ ಅಕ್ಕಿಯಲ್ಲಿ ಸುಣ್ಣದ ಅಂಶ ಎಂಟು ಮಿಲಿಗ್ರಾಂ ದಾಟದು, ನಾರು ಮೂರು ಗ್ರಾಂ ಇಲ್ಲ. ಹೊಟ್ಟೆ ತುಂಬುತ್ತದೆ, ಬೇಗ ಕರಗುತ್ತದೆ, ಸಂಜೆ ನಾಲ್ಕಕ್ಕೆ ಮಗು ಮತ್ತೆ ಏನಾದರೂ ಕೇಳುತ್ತದೆ.

ಆ ನಾಲ್ಕು ಗಂಟೆಯ ಹಸಿವಿಗೆ ಕಾದು ಕುಳಿತಿತ್ತು ಪ್ಯಾಕೆಟ್ಟು. ಮ್ಯಾಗಿ ಇಂಡಿಯಾಕ್ಕೆ ಬಂದದ್ದು 1983ರಲ್ಲಿ, ಕುರ್ಕುರೆ 1999ರಲ್ಲಿ. ಎರಡೂ ಪೇಟೆಯಲ್ಲಿ ಇಳಿದು, ಆಮೇಲೆ ನಮ್ಮ ಗೂಡಂಗಡಿಗೆ ತೋರಣವಾದವು. ಇವೆರಡರ ನಡುವೆ ಯಾರ ಕಣ್ಣಿಗೂ ಬೀಳದ ಒಂದು ತೀರ್ಮಾನ ಆಗಿತ್ತು. 1994ರಲ್ಲಿ ಪಾಮೊಲಿನ್ ಎಣ್ಣೆಯ ಆಮದನ್ನು ಸರ್ಕಾರ ಮುಕ್ತ ಮಾಡಿತು. ಮಲೇಶಿಯಾ, ಇಂಡೋನೇಶಿಯಾದ ತಾಳೆ ಎಣ್ಣೆ ಹರಿದು ಬಂತು. ಕಡ್ಲೆಕಾಯಿ ಎಣ್ಣೆ ಅದರ ಬೆಲೆಗೆ ನಿಲ್ಲಲಾರದೆ ಗಾಣ, ಮಿಲ್ಲು ಸೊರಗಿದವು. ಅಗ್ಗದ ಎಣ್ಣೆ ಇದ್ದದ್ದರಿಂದಲೇ ಐದು ರೂಪಾಯಿಗೆ ಕರಿದ ತಿಂಡಿಯ ಪ್ಯಾಕೆಟ್ ಮಾರಲು ಆಯಿತು. ಕಡ್ಲೆಕಾಯಿ ಬೆಳೆಯುವ ಪಾವಗಡದ ಮಗು ತಾಳೆ ಎಣ್ಣೆಯಲ್ಲಿ ಕರಿದ ಗಾಳಿ ತುಂಬಿದ ಪ್ಯಾಕೆಟ್ ತಿನ್ನುತ್ತದೆ, ಅಪ್ಪ ಕಡ್ಲೆಕಾಯಿಗೆ ಬೆಲೆ ಇಲ್ಲ ಎಂದು ಗೋಳಾಡುತ್ತಾನೆ. ಒಂದೇ ಜಗಲಿಯ ಮೇಲೆ ಎರಡೂ ನಡೆಯುತ್ತದೆ.

ಪಾವಗಡದ ನಾಗಲಮಡಿಕೆ ಹೋಬಳಿಯ ಎಷ್ಟೋ ಹೊಲಗಳಲ್ಲಿ ಈಗ ಕಡ್ಲೆಕಾಯಿಯೂ ಇಲ್ಲ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಬರದಲ್ಲಿ ಬೆಂದ ರೈತರಿಗೆ ಅದು ಖಾತ್ರಿ ದುಡ್ಡು, ಬೇಡ ಅನ್ನಲು ನಾವ್ಯಾರು? ಆದರೆ ಹೊಲ ಹೋದ ಮೇಲೆ ಅವರೆ, ಸೊಪ್ಪು, ಕಾಳು, ಕರೆಯುವ ಹಸುವಿನ ಮೇವು ಎಲ್ಲವೂ ದುಡ್ಡು ಕೊಟ್ಟು ತರುವ ಪದಾರ್ಥಗಳಾದವು. ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆಯ ದುಡ್ಡೂ ಇಲ್ಲ, ಕಳೆ ಕೀಳಲು ಹೋದಾಗ ಮಡಿಲಲ್ಲಿ ತರುತ್ತಿದ್ದ ಸೊಪ್ಪೂ ಇಲ್ಲ.

ಇಷ್ಟೆಲ್ಲ ಹೊಲ, ರೇಷನ್ನು, ಬಂದರು, ಕಾರ್ಖಾನೆ ಸೇರಿ ಬದಲಿಸಿದ ತಟ್ಟೆಗೆ ಬೈಸಿಕೊಳ್ಳುವವಳು ಮಾತ್ರ ತಾಯಿ. ಬೆಳಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸೋ, ಕೂಲಿಯ ಟ್ರ್ಯಾಕ್ಟರೋ ಹತ್ತುವವಳು ಅವಳು. ಅಳುವ ಮಗುವಿಗೆ ಐದು ರೂಪಾಯಿ ಕೊಟ್ಟು ಸುಮ್ಮನಾಗಿಸುವುದನ್ನು ಬಿಟ್ಟರೆ ಅವಳಲ್ಲಿ ಸಮಯ ಎಲ್ಲಿದೆ?

ಹಾಗಾದರೆ ಮನೆಯಿಂದ ಏನೂ ಆಗದೆ? ಆಗುತ್ತದೆ, ಆದರೆ ಮಗುವೊಂದನ್ನೇ ಹಿಡಿದರೆ ಆಗದು. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೊನಾರ್ಡ್ ಎಪ್‌ಸ್ಟೀನ್ ಅವರ ತಂಡ ದಪ್ಪ ಮಕ್ಕಳಿದ್ದ ಕುಟುಂಬಗಳನ್ನು ಗುಂಪು ಮಾಡಿ ಹತ್ತು ವರ್ಷ ನೋಡಿತು. 1990ರಲ್ಲಿ ಬಂದ ಫಲಿತಾಂಶ ಇದು: ತಂದೆ ಅಥವಾ ತಾಯಿಯೂ ಮಗುವಿನ ಜೊತೆಗೇ ಊಟ, ನಡಿಗೆ ಬದಲಿಸಿಕೊಂಡ ಗುಂಪಿನಲ್ಲಿ ಮಕ್ಕಳ ಹೆಚ್ಚುವರಿ ತೂಕ ಹತ್ತು ವರ್ಷದ ನಂತರವೂ ಶೇ 7.5ರಷ್ಟು ಇಳಿದೇ ಇತ್ತು. ಹೋಲಿಕೆಗೆ ಇಟ್ಟ ಗುಂಪಿನಲ್ಲಿ ಶೇ 14.3ರಷ್ಟು ಏರಿತ್ತು. ಇಸ್ರೇಲಿನಲ್ಲಿ ಗೋಲನ್ ಎಂಬ ಸಂಶೋಧಕಿ 1998ರಲ್ಲಿ ಇನ್ನೂ ಮುಂದೆ ಹೋಗಿ, ಮಕ್ಕಳನ್ನು ಬಿಟ್ಟು ತಂದೆತಾಯಿಗೆ ಮಾತ್ರ ಪಾಠ ಹೇಳಿದರು. ಮಕ್ಕಳಿಗೇ ಪಾಠ ಹೇಳಿದ ಗುಂಪಿಗಿಂತ ಅಲ್ಲಿ ಹೆಚ್ಚು ಫಲ ಸಿಕ್ಕಿತು. ಅವು ಬೇರೆ ದೇಶದ, ಬೇರೆ ದುಡಿಮೆಯ ಮನೆಗಳು, ಸರಿ. ಆದರೆ ವಿಷಯ ನಮ್ಮ ಅಜ್ಜಿಯರಿಗೂ ಗೊತ್ತಿದ್ದದ್ದೇ. ಅಪ್ಪ ಬೋಂಡಾ ತಿಂದು ಮಗನಿಗೆ ಸೊಪ್ಪಿನ ಸಾರು ಹಾಕಿದರೆ ಮಗ ಉಣ್ಣುವುದಿಲ್ಲ.

ದಪ್ಪ ಮಗುವನ್ನು ಉಪವಾಸ ಕೆಡವುವುದು, "ಡುಮ್ಮಿ" ಎಂದು ಹಂಗಿಸುವುದು ಎರಡೂ ತಪ್ಪು. ಬೆಳೆಯುವ ಮಗು ಬೆಳೆಯಲಿ. ಮನೆಯವರೆಲ್ಲರ ತಟ್ಟೆ ಒಂದೇ ಆಗಬೇಕು, ಅಷ್ಟೆ. ಲೆಕ್ಕ ಹಾಕಿ ನೋಡಿ: ಇಬ್ಬರು ಮಕ್ಕಳಿಗೆ ದಿನಕ್ಕೆ ಒಂದೊಂದು ಐದು ರೂಪಾಯಿ ಪ್ಯಾಕೆಟ್ ಅಂದರೆ ತಿಂಗಳಿಗೆ 300 ರೂಪಾಯಿ. ಅದೇ ದುಡ್ಡಿಗೆ ಸಂತೆಯಲ್ಲಿ ಎರಡು ಕೆಜಿ ಹತ್ತಿರ ಕಡ್ಲೆಬೀಜ ಬರುತ್ತದೆ. ಹುರಿದು ಡಬ್ಬಿಗೆ ಹಾಕಿಟ್ಟರೆ ನಾಲ್ಕು ಗಂಟೆಗೆ ತಾಯಿ ಮನೆಯಲ್ಲಿರಬೇಕಾಗಿಲ್ಲ, ಅಜ್ಜಿ ಒಂದು ಹಿಡಿ ಕೊಟ್ಟರೆ ಸಾಕು. ರಾಗಿ ಹುರಿಹಿಟ್ಟಿಗೂ ಒಲೆ ಬೇಡ. ಮೂರು ವರ್ಷದ ಮಗುವಿಗೆ ಕೊಡುವ ಟೀ, ಅದರೊಳಗಿನ ಎರಡು ಚಮಚ ಸಕ್ಕರೆ ನಿಲ್ಲಿಸಲು ಕಾಸೂ ಬೇಡ.

ಶಾಲೆಯ ಕಡೆಯಿಂದ ಒಳ್ಳೆಯ ಸುದ್ದಿಯೂ ಇದೆ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆ 2021ರ ಕೊನೆಗೆ ಉತ್ತರದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ, ಗಲಾಟೆಯ ನಡುವೆಯೇ 2022ರಲ್ಲಿ ನಮ್ಮ ಕಡೆಗೂ ಬಂತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ಆಯಿತು, ತಿನ್ನದವರಿಗೆ ಬಾಳೆಹಣ್ಣು. 2024ರ ಫೆಬ್ರವರಿಯಲ್ಲಿ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ವಾರಕ್ಕೆ ಮೂರು ದಿನ ಕೊಡುವುದು ಶುರುವಾಯಿತು. ಹೊಲದಿಂದ ಹೊರಟ ರಾಗಿ ಶಾಲೆಯ ಲೋಟದಲ್ಲಿ ವಾಪಸ್ ಬಂದಿದೆ. ಅಂಗಡಿ ವಿಷಯಕ್ಕೂ ಕಾನೂನಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಒಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಿಮ್ಮೂರಿನ ಶಾಲೆ ಗೇಟಿನಿಂದ ಐವತ್ತು ಮೀಟರ್ ಎಷ್ಟಾಗುತ್ತದೆ ಎಂದು ಎಸ್‌ಡಿಎಂಸಿಯವರು ಒಮ್ಮೆ ಅಳೆದು ನೋಡಲಿ. ಆ ಅಂಗಡಿ ನಡೆಸುವವರೂ ನಮ್ಮವರೇ, ಅವರನ್ನು ಎಬ್ಬಿಸುವ ಬದಲು ಪ್ಯಾಕೆಟ್ ತೋರಣ ಇಳಿಸಿ ಕಡ್ಲೆಮಿಠಾಯಿ, ಬಾಳೆಹಣ್ಣು ಇಡಿ ಎಂದು ಕೇಳಬಹುದು.

ಕೊನೆಗೆ ರಾತ್ರಿಯ ಊಟ. ರಾಗಿ ಬೆಳೆಯುವ ಮನೆಗಳಲ್ಲೂ ರಾತ್ರಿ ಅನ್ನವೇ ಆಗಲು ಕಾರಣ ರುಚಿ ಒಂದೇ ಅಲ್ಲ. ಅಕ್ಕಿಯನ್ನು ಕುಕ್ಕರಿಗೆ ಹಾಕಿ ಕೂರಬಹುದು. ಹಿಟ್ಟಿಗೆ ಒಲೆ ಮುಂದೆ ನಿಂತು, ಕೋಲು ಹಿಡಿದು, ಗಂಟಾಗದಂತೆ ತೊಳಸಬೇಕು. ದಿನವಿಡೀ ದುಡಿದು ಬಂದ ರಟ್ಟೆಗೆ ಅದು ಕಷ್ಟ. "ಇವತ್ತು ಹಿಟ್ಟು ಮಾಡಿಲ್ವಾ?" ಎಂದು ಕೇಳುವ ಗಂಡಸರು ಎಲ್ಲ ಮನೆಯಲ್ಲೂ ಇದ್ದಾರೆ. ಬೀಗರೂಟದಲ್ಲಿ ದೊಡ್ಡ ಹಂಡೆಗೆ ಹಿಟ್ಟು ಹಾಕಿ, ಇಬ್ಬರು ನಿಂತು ತೊಳಸಿ, ನೂರಾರು ಮುದ್ದೆ ಕಟ್ಟಿ ಸಾಲಾಗಿ ಜೋಡಿಸುವವರೂ ಇದೇ ಗಂಡಸರೇ. ಮನೆಯಲ್ಲಿ ಬೇಕಾಗಿರುವುದು ನಾಲ್ಕು ಮುದ್ದೆ.